ಹನ್ನೊಂದನೆಯ ಹೆಸರು

ಆ ಹೆಸರನ್ನು ಬಿಟ್ಟವನು ನಾನೇ. ನೋಂದಣಿ ಕಚೇರಿಯವರಲ್ಲ, ಟೈಪ್ ಮಾಡಿದವರಲ್ಲ — ನಾನು.

ರಾಯಚೂರಿನ ಪತ್ರಿಕೆಯೊಂದಕ್ಕೆ ಗಡಿಭಾಗದ ವರದಿಗಾರನಾಗಿದ್ದೆ. ಅದನ್ನು ಬಿಟ್ಟ ಮೇಲೆ ನಾವು ಹನ್ನೊಂದು ಮಂದಿ ಸೇರಿ ಗಡಿಯಾಚೆ, ತೆಲಂಗಾಣದ ಮಕ್ತಲ್‌ನಲ್ಲಿ ಸಲಹಾ ಸಹಕಾರ ಸಂಘ ಕಟ್ಟಿದೆವು. ನೇಕಾರರಿಗೆ, ಕುರಿಗಾರರಿಗೆ ಗುಂಪು ಕಟ್ಟಲು, ಅರ್ಜಿ ಬರೆಯಲು, ಮಾರುಕಟ್ಟೆ ಹುಡುಕಲು ಸಲಹೆ ಕೊಡುವುದು ನಮ್ಮ ಕೆಲಸ. ದುಡಿಯುವವರೇ ಒಡೆಯರು, ತಲೆಗೊಂದು ಮತ — ನಿಯಮಾವಳಿಯಲ್ಲಿ ಈ ಸಾಲು ಬರೆದವನೂ ನಾನೇ.

ಉಟ್ಕೂರ್ ಕಡೆಯ ಕುರಿಗಾರರ ಮನೆಯ ಮೈಲಮ್ಮ ಓದಿದ್ದು ಏಳನೇ ತರಗತಿ. ನಮ್ಮಲ್ಲಿ ಪದವಿಯಿಲ್ಲದವಳು ಆಕೆಯೊಬ್ಬಳೇ. ಸಂಘದ ನೋಂದಣಿ ಅರ್ಜಿಯ ಸದಸ್ಯರ ಪಟ್ಟಿಯಲ್ಲಿ ವಿದ್ಯಾರ್ಹತೆಯ ಅಂಕಣವಿತ್ತು. ಕೆಲಸ ಕೊಡುವ ಹೈದರಾಬಾದಿನ ಸಂಸ್ಥೆಗಳು ಈ ಪಟ್ಟಿ ನೋಡಿದರೆ — ಸಲಹೆಗಾರರ ಸಾಲಿನಲ್ಲಿ 'ಏಳನೇ ತರಗತಿ' — ನನಗೆ ನಾಚಿಕೆಯಾಯಿತು. ಆಕೆಯ ಹೆಸರನ್ನು ಆ ಪಟ್ಟಿಯಲ್ಲಿ ಬಿಟ್ಟು, ಮತವಿಲ್ಲದ ನೌಕರರ ಹಾಳೆಯಲ್ಲಿ ಬರೆದೆ. ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಬೆರಳಿಟ್ಟು ತೋರಿಸಿದಲ್ಲಿ ಆಕೆ ಸಹಿ ಮಾಡಿದಳು.

"ಅಣ್ಣಾ, ಪೇಪರ್‌ನ್ಯಾಗ ಊರ ಮಂದಿ ಹೆಸರೆಲ್ಲಾ ಬರೀತಿದ್ರಿ, ನಂದೊಂದು ಬರಲಿಲ್ಲ. ಈಗಾದ್ರೂ ಬಂತಲ್ರೀ!" ಎಂದು ನಕ್ಕಳು. ನಾನೂ ನಕ್ಕೆ.

ಎರಡು ವರ್ಷ ಪ್ರತಿ ಸಭೆಯಲ್ಲೂ ಆಕೆ ಕೈ ಎತ್ತಿದಳು. ನಾನು ಆ ಕೈಯನ್ನೂ ಎಣಿಸಿದೆ — ಯಾರೂ ಕಡತ ಬಿಚ್ಚುವುದಿಲ್ಲವೆಂದು.

ಆಮೇಲೆ ಅಧ್ಯಕ್ಷರ ಆಯ್ಕೆ ಬಂತು. ನೇಕಾರರ ಮನೆಯ ನಾಗಪ್ಪ ಎದ್ದು, "ಮಾಗನೂರಿಂದ ಕುರಿಗಾರ್ರು ಬರೂದು ಮೈಲಮ್ಮನ್ನ ಕೇಳ್ಕೊಂಡು. ನಮ್ಮ ಡಿಗ್ರಿ ನೋಡಾಕ ಯಾರ ಬರ್ತಾರ? ಆಕಿನೇ ಆಗ್ಲಿ" ಎಂದ. ಎಲ್ಲರೂ ಒಪ್ಪಿದರು. ಅಧ್ಯಕ್ಷರ ಹೆಸರನ್ನು ಸದಸ್ಯರ ಪಟ್ಟಿಯೊಡನೆ ಕಚೇರಿಗೆ ಕಳಿಸಬೇಕು; ಇನ್ನು ಮುಚ್ಚಿಡುವಂತಿರಲಿಲ್ಲ. ನಾನು ಕಡತ ಬಿಚ್ಚಿ, ಆಗ ತಾನೇ ಕಂಡವನಂತೆ ಹೇಳಿದೆ:

"ಇದರಾಗ ಮೈಲಮ್ಮನ ಹೆಸರ ಇಲ್ಲಲ್ರೀ... ಆಫೀಸಿನೋರು ಬಿಟ್ಟಾರ ಕಾಣ್ತೈತಿ."

"ಅಂದ್ರ ಇಷ್ಟು ದಿನ ಆಕಿ ಕೈ ಎತ್ತಿದ್ದು ನೊಣ ಹೊಡ್ಯಾಕೇನ್ರಿ?" ನಾಗಪ್ಪ ಸಿಡಿದ.

ನಾನು ತಲೆ ಎತ್ತಲಿಲ್ಲ. ಮೈಲಮ್ಮನೇ ನನ್ನನ್ನು ಸಮಾಧಾನ ಮಾಡಿದಳು. "ಹೋಗ್ಲಿ ಬಿಡ್ರಿ ಅಣ್ಣಾ, ನೀವ್ಯಾಕ ಮಾರಿ ಸಣ್ಣ ಮಾಡ್ಕೋತೀರಿ? ಆಫೀಸಿನ ಪಟ್ಟೀನೂ ನೀವಾ ಬರ್ದಿದ್ರ ಹಿಂಗ ಆಗ್ತಿದ್ದಿಲ್ಲ."

ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಹೊಸ ಸದಸ್ಯಳಾಗಿ ಸೇರಿಸಿಕೊಳ್ಳುತ್ತೇವೆ ಎಂದೆವು. ತಾನು ಕಟ್ಟಿದ ಮನೆಗೆ ಹೊಸಬಳಾಗಿ ಬರಲು ಆಕೆಗೆ ಮನಸ್ಸಾಗಲಿಲ್ಲ. ಮರುವಾರದಿಂದ ಬರಲಿಲ್ಲ. ಆ ವರ್ಷ ಅಧ್ಯಕ್ಷನಾದವನು — ನಾನು.

ಇಷ್ಟನ್ನು ಕನ್ನಡದಲ್ಲಿ ಬರೆದು ಮುಗಿಸಿದಾಗ ಎದೆ ಹಗುರಾಯಿತು ಅನ್ನಿಸಿತು. ಅದೂ ಒಂದು ಮೋಸ. ಮೈಲಮ್ಮ ಮಾತಾಡುವುದು ಕನ್ನಡ, ಶಾಲೆಯಲ್ಲಿ ಓದಲು ಕಲಿತದ್ದು ತೆಲುಗು. ಈ ಹಾಳೆಯನ್ನು ಕೈಗೆ ಕೊಟ್ಟರೂ ಆಕೆ ಓದಲಾರಳು — ಗೊತ್ತಿದ್ದೇ ಬರೆದೆನೇನೋ.

ನಾಳೆ ಉಟ್ಕೂರಿಗೆ ಹೋಗುತ್ತೇನೆ, ನಾಗಪ್ಪನನ್ನೂ ಕರೆದುಕೊಂಡು. ಮೊದಲ ಸಾಲಿನಿಂದ, ಬಾಯಿಬಿಟ್ಟು ಓದುತ್ತೇನೆ.