ತುಳಿದ ಮುಟ್ಟಾಳೆ

ಮೂವತ್ತೆರಡು ವರ್ಷ ಮೀನು ಮಾರಿದವಳು ನಾನು, ಚಂಪಾ. ಕೊಳೆತ ಬೂತಾಯಿ ಮೀನು ಕೈಯಲ್ಲಿ ಹಿಡಿದಿದ್ದೇನೆ, ಪೆಟ್ಟಿಗೆಯ ನಾತದ ನೀರು ಸೀರೆಗೆ ಚೆಲ್ಲಿಕೊಂಡಿದ್ದೇನೆ, ಮೂಗು ಮುಚ್ಚಿದವಳಲ್ಲ. ಅಂಥವಳಿಗೆ ಆ ಕಾಲೇಜಿನ ಎಸಿ ಹಾಲಿನಲ್ಲಿ ಅಸಹ್ಯ ಅಂದರೆ ಎಂತ ಅಂತ ಅವತ್ತು ಗೊತ್ತಾಯಿತು.

ವಿಷಯ ನನ್ನ ಅಣ್ಣ ಗಿರಿಯಪ್ಪನದ್ದು. ಉಳ್ಳಾಲದಲ್ಲಿ ಅವನದ್ದೂ ನನ್ನದೂ ಒಂದೇ ಅಂಗಳ. ಇಪ್ಪತ್ತೈದು ವರ್ಷ ಫೈಬರ್ ಬೋಟುಗಳ ತೂತು ಮುಚ್ಚಿದವ ಅವ. ಆ ಧೂಳು ಕುಡಿದು ಕುಡಿದು ದಮ್ಮು ಹಿಡಿಯಿತು, ಇನ್ನು ಬೋಟಿನ ಹತ್ತಿರ ಹೋಗಬಾರದು ಅಂತ ಡಾಕ್ಟರು ಹೇಳಿದರು. ಕೆಲಸ ಹೋಯಿತು, ಕೈ ಸುಮ್ಮನೆ ಕೂರಬೇಕಲ್ಲ? ಆಗ ಸಿಕ್ಕಿದವರು ನಂತೂರಿನ ಯೂಸ್ಟೇಸ್. ಗಲ್ಫಿನಿಂದ ಬಂದ ಮೇಲೆ ಅವರಿಗೆ ಒಂದೇ ಹುಚ್ಚು, ಹಳೇ ಕಾಲದ ಜನರ ಬೊಂಬೆ ಮಾಡುವುದು, ಒಂದೊಂದೂ ಹೆಬ್ಬೆರಳಿನಷ್ಟು ಉದ್ದ. ಮೈ, ಮುಖ, ಬಟ್ಟೆ ಎಲ್ಲ ಅವರೇ ಮಾಡ್ತಿದ್ದರು, ಟೊಪ್ಪಿ ಮಾತ್ರ ಕೈಗೆ ಹತ್ತಲಿಲ್ಲ. ಬೋಟಿನ ತೂತಿಗೆ ಮೆತ್ತುವ ಪುಟ್ಟಿಯ ಸ್ವಭಾವ ಅಣ್ಣನಿಗೆ ಹೆಂಡತಿಯ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತುಂಟು. ಟೊಪ್ಪಿಯ ಕೆಲಸ ಅವನಿಗೆ ಬಂತು.

ಎರಡು ಉಂಡೆ ಪುಟ್ಟಿ ನಾದಿ ಒಂದು ಮಾಡಿದರೆ ಅರ್ಧ ಗಂಟೆ ಮೆತ್ತಗೆ ಇರ್ತದೆ, ಆಮೇಲೆ ಕಲ್ಲು. ಅಷ್ಟರಲ್ಲಿ ಸೂಜಿ, ಹೇರ್‌ಪಿನ್, ನೀರು ಮುಟ್ಟಿಸಿದ ಬೆರಳು, ಇಷ್ಟರಲ್ಲೇ ಕಡಲೆಕಾಳಿನಷ್ಟು ಟೊಪ್ಪಿ ಎದ್ದು ಬರ್ತಿತ್ತು. ಬಿಳಿ ಸಾಹೇಬನ ಅಗಲ ಅಂಚಿನ ಹ್ಯಾಟು, ಬ್ಯಾರಿ ವ್ಯಾಪಾರಿಯ ಟೊಪ್ಪಿ, ಶಾನುಭೋಗರ ಮುಂಡಾಸು. ನಮ್ಮಂಥವರ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆಗಂತೂ ಹಳೇ ಟೂತ್‌ಬ್ರಶ್ಶಿನ ಒಂದೇ ಒಂದು ಕೂದಲಿನಿಂದ ಗೆರೆ ಎಳೀತಿದ್ದ. ತಲೆಗೆ ಅಂಟಿಸುವುದು ಬರೀ ಗೋಂದಿನಲ್ಲಿ. ಟೊಪ್ಪಿ ಅಂದ ಮೇಲೆ ತೆಗೀಲಿಕ್ಕೆ ಬರಬೇಕು ಅಂತ ಅವನ ವಾದ.

ಹೋದ ವರ್ಷ ಒಂದು ಕಾಲೇಜಿನವರು ಮ್ಯೂಸಿಯಂ ಮಾಡುವ ಅಂತ ಹೊರಟರು. ನೂರು ವರ್ಷ ಹಿಂದಿನ ಧಣಿಯ ಚಾವಡಿ, ಅಂಗಳ ತುಂಬ ಜನ, ಅರುವತ್ತು ಬೊಂಬೆ, ಮಾಡುವುದು ಯೂಸ್ಟೇಸ್ ಮತ್ತು ಅಣ್ಣ. ಮುಖ್ಯಸ್ಥರು ಹರಿದಾಸರು, ರಿಟೈರ್ಡ್ ಲೆಕ್ಚರರ್, ಬಾಯಿ ತೆರೆದರೆ ಬೆಣ್ಣೆ. ಊರಿನವರ ನಿಜವಾದ ಕಥೆಗಳು ಬೇಕು, ನಿಮ್ಮ ಮನೆಯದ್ದು ಇದ್ದರೆ ಹೇಳಿ ಅಂತ ಅಣ್ಣನ ಹತ್ತಿರ ಅವರೇ ಕೇಳಿದ್ದು. ನಾನು ಅಲ್ಲೇ ಇದ್ದೆ.

ಅಣ್ಣ ನಮ್ಮ ನೋಣಯ್ಯಜ್ಜನ ಕಥೆ ಹೇಳಿದ. ಆ ಕಾಲದಲ್ಲಿ ಧಣಿಯ ಅಂಗಳಕ್ಕೆ ಕಾಲಿಡುವ ಮೊದಲು ಮುಟ್ಟಾಳೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ಒಂದು ದಿನ ಅಜ್ಜ ಮೀನಿನ ಬುಟ್ಟಿ ಹೊತ್ತು ಹೋಗಿದ್ದಾನೆ. ಬುಟ್ಟಿ ಕೂತದ್ದೇ ಮುಟ್ಟಾಳೆಯ ಮೇಲೆ, ಎರಡೂ ಕೈ ಬುಟ್ಟಿಗೆ, ತೆಗೆಯುವುದು ಹೇಗೆ? ಧಣಿ ಬುಟ್ಟಿ ಇಳಿಸಲಿಕ್ಕೆ ಹೇಳಿದ, ಮೀನು ಒಳಗೆ ಕಳಿಸಿದ, ಆಮೇಲೆ ಮುಟ್ಟಾಳೆ ಕಿತ್ತು ನೆಲಕ್ಕೆ ಹಾಕಿ ಮೆಟ್ಟಿದ. ಅಜ್ಜ ಸಾಯುವವರೆಗೆ ಮತ್ತೆ ತಲೆಗೆ ಎಂತದೂ ಇಡಲಿಲ್ಲ. ಬಿಸಿಲಿಗೂ ಇಲ್ಲ, ಮಳೆಗೂ ಇಲ್ಲ.

ಹರಿದಾಸರು ಕಣ್ಣು ಒರೆಸಿಕೊಂಡರು ಮಾರಾಯ್ರೆ. ಇದು ಬರಲೇಬೇಕು ಅಂದರು.

ಆ ಒಂದು ಮುಟ್ಟಾಳೆಗೆ ಅಣ್ಣ ಹನ್ನೊಂದು ದಿನ ತೆಗೆದುಕೊಂಡ. ಸರಿಯಾದ ಟೊಪ್ಪಿ ಮಾಡುವುದು ಸುಲಭ, ತುಳಿದ ಟೊಪ್ಪಿ ಮಾಡುವುದು ಕಷ್ಟ. ಒಂದು ಬದಿ ಸೀಳಬೇಕು, ಮೇಲೆ ಹಿಮ್ಮಡಿಯ ಗುರುತು ಕೂರಬೇಕು. ಎಂಟು ಬಿಸಾಡಿ ಒಂಬತ್ತನೆಯದು ನನಗೆ ತೋರಿಸಿದ. ಭೂತಗನ್ನಡಿಯಲ್ಲಿ ನೋಡಿ ನನಗೆ ಅಳು ಬಂತು. ಬರಿತಲೆಯ ಅಜ್ಜನ ಬೊಂಬೆಯ ಕಾಲಬುಡದಲ್ಲಿ ಅದನ್ನಿಟ್ಟು ಬಂದ. ಇನ್ನು ಸತ್ತರೂ ತೊಂದರೆ ಇಲ್ಲ ಅಂದ, ನಾನು ಬೈದೆ.

ಉದ್ಘಾಟನೆಗೆ ನಾವಿಬ್ಬರೂ ಹೋದೆವು. ಬೊಂಬೆಗಳಿದ್ದ ಮೇಜಿಗೆ ಗಾಜಿನ ಮುಚ್ಚಳ ಇನ್ನೂ ಬಂದಿರಲಿಲ್ಲ. ಬಗ್ಗಿ ನೋಡ್ತೇವೆ, ನೆಲದಲ್ಲಿ ಎಂತದೂ ಇಲ್ಲ. ಅಜ್ಜನ ತಲೆಯಲ್ಲಿ ಹೊಸ ಮುಟ್ಟಾಳೆ, ನುಣ್ಣಗೆ, ಬಣ್ಣ ಹೊಡೆದದ್ದು. ಬಾಯಿಗೆ ಒಂದು ನಗೆಯ ಗೆರೆ ಬೇರೆ. ಧಣಿಯ ಎದುರು ನಗ್ತಾ ನಿಂತಿದ್ದಾನೆ ನಮ್ಮ ಅಜ್ಜ. ಥೂ.

ಯೂಸ್ಟೇಸ್ ತಲೆ ತಗ್ಗಿಸಿ ಒಪ್ಪಿಕೊಂಡರು. ಹರಿದಾಸರು ಹೇಳಿದ್ದು, ತಾನು ಮಾಡಿದ್ದು. ಹೊಸ ಮುಟ್ಟಾಳೆ ಗೋಂದಿನಲ್ಲಿ ಅಲ್ಲ, ಗಟ್ಟಿ ಇರಲಿ ಅಂತ ಪುಟ್ಟಿಯಲ್ಲೇ ಕೂರಿಸಿದ್ದಂತೆ. ಹರಿದಾಸರ ಹತ್ತಿರ ಹೋದರೆ ಅದೇ ಬೆಣ್ಣೆ. ಮಕ್ಕಳು ನೋಡುವಂಥದ್ದಲ್ವಾ, ಹಳೇ ಕಹಿ ಯಾಕೆ, ಧಣಿಯ ಮನೆತನದವರೇ ಹಾಲಿಗೆ ಎಸಿ ಹಾಕಿಸಿದ್ದು, ಮುಖ್ಯ ಅತಿಥಿಯೂ ಅವರೇ. ಕಾರ್ಯಕ್ರಮ ಮುಗಿಯಲಿ, ಮಾತಾಡುವ ಅಂದರು. ಈ ಮನುಷ್ಯನ ಕಣ್ಣೀರು ನಂಬಿದೆನಲ್ಲ ಅಂತ ನನ್ನ ಮೇಲೆಯೇ ನನಗೆ ಹೇಸಿಗೆ ಆಯಿತು.

ಸನ್ಮಾನಕ್ಕೆ ಅಣ್ಣನನ್ನು ಕರೆದರು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹರಿದಾಸರು ಜರಿಯ ಪೇಟ ಎತ್ತಿ ತಲೆಯ ಹತ್ತಿರ ತಂದದ್ದೇ, ಅಣ್ಣ ಅವರ ಕೈ ಹಿಡಿದ.

"ನನಗೆ ಬೇಡ ಸರ್. ನನ್ನ ಅಜ್ಜನ ತಲೆಯಲ್ಲಿರುವುದನ್ನು ಮೊದಲು ತೆಗೀರಿ."

ಮೈಕಿನಲ್ಲಿ ಕೇಳಿತು. ಯಾರಿಗೂ ಅರ್ಥ ಆಗಲಿಲ್ಲ, ದೊಡ್ಡ ಮನುಷ್ಯ ಅಂತ ಚಪ್ಪಾಳೆ ಬಿತ್ತು. ಅಣ್ಣ ಹಣ್ಣಿನ ಬುಟ್ಟಿ ಅಲ್ಲೇ ಇಟ್ಟು ಕೆಳಗೆ ಇಳಿದ, ಮೇಜಿನ ಹತ್ತಿರ ಹೋದ, ಬಗ್ಗಿ ಆ ಹೊಸ ಮುಟ್ಟಾಳೆಗೆ ಉಗುರು ಹಾಕಿದ. ಮೆಲ್ಲ ಎಬ್ಬಿಸಿದ. ಅದು ಬರಲಿಲ್ಲ. ಇನ್ನೂ ಸ್ವಲ್ಪ ಒತ್ತಿದ. ಟಕ್ ಅಂತ ಸದ್ದಾಯಿತು. ಕೈಗೆ ಬಂದದ್ದು ಮುಟ್ಟಾಳೆ ಅಲ್ಲ, ತಲೆ.

ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದ. ಮತ್ತೆ ಅಂಗಿಯ ಕಿಸೆಗೆ ಹಾಕಿ ಹೊರಗೆ ನಡೆದ. ದಾರಿಯಲ್ಲಿ ದಮ್ಮು ಕಟ್ಟಿತು, ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂರಿಸಿ ಬೆನ್ನು ಉಜ್ಜಿದೆ.

ಮರುದಿನ ಹರಿದಾಸರ ಫೋನು. ಸಿಟ್ಟಿಲ್ಲ, ಅದೇ ಬೆಣ್ಣೆ. ತಲೆ ತಂದು ಅಂಟಿಸಿ ಕೊಡಬೇಕಂತೆ, ನಿಮ್ಮಷ್ಟು ನಾಜೂಕು ಕೈ ಬೇರೆ ಯಾರದ್ದೂ ಇಲ್ಲವಂತೆ. ತುಳಿದ ಮುಟ್ಟಾಳೆ ಎಲ್ಲಿ ಉಂಟು ಅಂತ ಅಣ್ಣ ಕೇಳಿದ. ಅದನ್ನು ಕಸಕ್ಕೆ ಹಾಕಿದ್ದಾರೆ ಅಂತ ಗೊತ್ತಾಯಿತು.

"ಹಾಗಾದರೆ ತಲೆ ಇಲ್ಲದೆಯೇ ನಿಲ್ಲಲಿ ಸರ್," ಅಂದ ಅಣ್ಣ. "ಧಣಿಯ ಎದುರು ನಮಗೆ ಅದೇ ಅಭ್ಯಾಸ."