ಟೀಚರ್ ಕೈಯ ಪಟ್ಟಿ

ನಮ್ಮ ವ್ಯಾಯಾಮದ ಟೀಚರಿಗೆ ಐವತ್ತೆರಡು ವರ್ಷ. ಮೊದಲೆಲ್ಲ ಹಾಡುಗಳನ್ನು ಅವರೇ ಹಾಕುತ್ತಿದ್ದರು. ನಮಗೆ ಏದುಸಿರು ಬಂದರೆ ನಿಧಾನದ್ದು, ಹರಟೆ ಶುರುವಾದರೆ ಜೋರಿನದು. ಹೋದ ವರ್ಷ ಜಿಮ್ಮಿನ ಮಾಲೀಕ ಹಾಡು ಹಾಕುವ ಒಂದು ಯಂತ್ರ ತಂದ, ಟೀಚರ್ ಮಣಿಕಟ್ಟಿಗೆ ಅದರ ಪಟ್ಟಿ ಕಟ್ಟಿದ. ಅವರ ಎದೆಬಡಿತ ಏರಿದರೆ ಹಾಡು ತಾನಾಗಿಯೇ ಚುರುಕಾಗುತ್ತದೆ. ಹಾಡು ಓಡಿದರೆ ಅವರು ಓಡಬೇಕು, ಅವರು ಓಡಿದರೆ ಹಾಡು ಇನ್ನೂ ಓಡುತ್ತದೆ. ಗಾಣದ ಎತ್ತಿಗಾದರೂ ನಿಂತು ಮೇವು ತಿನ್ನುವ ಹೊತ್ತಿರುತ್ತದೆ.

“ಆ ಪಟ್ಟಿ ಬಿಚ್ಚಿಬಿಡಿ ಅಕ್ಕಾ,” ಎಂದೆ.

“ಬಿಚ್ಚಿದ್ರೆ ಹಾಡು ನಿಲ್ಲುತ್ತಮ್ಮಾ. ಹಾಡು ನಿಂತ್ರೆ ಯಾಕೆ ಅಂತ ಕೇಳೋಕೆ ಅವನೇ ಬರ್ತಾನೆ.”

ನಿನ್ನೆ ತರಗತಿಯ ಕೊನೆಗೆ, ಮೈ ಸಡಿಲಿಸಲು ಎಲ್ಲರೂ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆವು. ಹಾಡು ಜೋಗುಳದಷ್ಟು ಮೆಲ್ಲಗಿತ್ತು. ಇದ್ದಕ್ಕಿದ್ದಂತೆ ಡೋಲು ಬಡಿದುಕೊಳ್ಳತೊಡಗಿತು. ಕಣ್ಣು ಬಿಟ್ಟರೆ ಬಾಗಿಲಲ್ಲಿ ಮಾಲೀಕ ನಿಂತಿದ್ದ. ಟೀಚರ್ ಮಲಗಿದಲ್ಲಿಂದ ಕದಲಿರಲಿಲ್ಲ.

“ನೋಡಿದ್ರಾ, ನಾನು ಬಂದ್ರೆ ಮೇಡಂಗೆ ಎಷ್ಟು ಹುರುಪು,” ಎಂದು ನಕ್ಕ.

ಟೀಚರ್ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ಬೆನ್ನ ಕೆಳಗೆ ಸರಿಸಿಕೊಂಡರು. ಹಾಡು ಇನ್ನೂ ಜೋರಾಯಿತು.