ಟರ್ಕಿ ಶೆಡ್ಡಿಗೆ ದೃಷ್ಟಿಗೊಂಬೆ

ಗೊಟ್ಟಿಗೆರೆಯ ಆಂಟಿಯೊಬ್ಬರ ಖಾಲಿ ಸೈಟಲ್ಲಿ ಅವರ ಟರ್ಕಿ ಕೋಳಿಗಳಿಗೆ ಶೆಡ್ ಕಟ್ಟಿಕೊಡ್ತಿದ್ದೆ. ನಾಲ್ಕು ಕಂಬ, ಮೇಲೆ ತಗಡು, ಸುತ್ತ ಜಾಲರಿ, ಅಷ್ಟೇ ಕೆಲಸ. ಆದ್ರೂ ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು, ಮೋಡ ಬೇರೆ ಕವಿದಿತ್ತು. ಕೆಲಸ ಮುಗಿದಿದ್ದೇ ಆಂಟಿ ಬಾಗಿಲ ಮೇಲೆ ಕೋರೆಹಲ್ಲಿನ ದೃಷ್ಟಿಗೊಂಬೆ ನೇತುಹಾಕಿದ್ರು. ಅದನ್ನ ನೋಡಿದ್ದೇ ತಡ, ಟರ್ಕಿಗಳೆಲ್ಲ ಚೆಲ್ಲಾಪಿಲ್ಲಿ. ಎಷ್ಟು ಅಟ್ಟಿದ್ರೂ ಹತ್ತಿರ ಸುಳಿಯಲಿಲ್ಲ.

"ಆಂಟಿ, ಬಾಗಿಲಿಂದ ಅದನ್ನ ತೆಗೀರಿ. ಅವು ಹೆದರ್ತಿವೆ."

"ಹೊಸದಾಗಿ ಕಟ್ಟಿಸಿರೋದು ಕಣಪ್ಪ, ಜನರ ಕಣ್ಣು ಬೀಳುತ್ತೆ."

"ಮತ್ತೆ ಅವು ಒಳಗೆ ಹೋಗೋದು ಹೇಗೆ?"

ಆಂಟಿ ಯೋಚನೆ ಮಾಡಿ, ಗೊಂಬೆ ಬಿಚ್ಚಿ ಶೆಡ್ಡಿನ ಒಳಗೆ ಕಟ್ಟಿದ್ರು. ಅಷ್ಟರಲ್ಲಿ ಮಳೆ ಬಂತು. ಟರ್ಕಿಗಳ ಹಿಂದೆ ಓಡ್ತಾ ನಾನೂ ತೊಯ್ದು ತೊಪ್ಪೆಯಾದೆ. ನಾನು ಕಟ್ಟಿದ ಶೆಡ್ಡಲ್ಲಿ ನೆನೆಯದೆ ಹಲ್ಲು ಕಿರೀತಾ ಇದ್ದದ್ದು ಆ ಗೊಂಬೆ ಒಂದೇ.